ಕಾ, ಕಾಯೊ, ಕಾಮ್ನಿದಾ: ಸಿಯೋಲ್‌ನಲ್ಲಿ ಒಂದು ಬೇಸಿಗೆ

ಕೊರಿಯನ್ ಕ್ರಿಯಾಪದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ಏಕವಚನ ಬಹುವಚನದ ಗೊಡವೆಯೂ ಇಲ್ಲ. ನಾನು ಹೋದರೂ ಕಾಯೊ, ಅವಳು ಹೋದರೂ ಕಾಯೊ, ಪಕ್ಕದ ಮನೆ ಹುಡುಗರೆಲ್ಲ ಗುಂಪು ಕಟ್ಟಿಕೊಂಡು ಹೋದರೂ ಕಾಯೊ. ಮೊದಲ ವಾರದ ಕ್ಲಾಸಿನಲ್ಲಿ ಇದನ್ನು ಕೇಳಿ ಸದ್ಯ, ಬದುಕಿದೆ ಅಂದುಕೊಂಡೆ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಕನ್ನಡ ಕಲಿಯೋಕೆ ಹೊರಟ ಉತ್ತರದ ಹುಡುಗಿಯರು ಹೋದನು, ಹೋದಳು, ಹೋಯಿತು, ಹೋದರು, ಹೋದವು ಅಂತ ಒದ್ದಾಡುವುದನ್ನು ಕಣ್ಣಾರೆ ನೋಡಿದ್ದೇನೆ.

ಆದರೆ ಕ್ರಿಯಾಪದದ ಕೊನೆಗೆ ಅಂಟುವ ಆ ಬಾಲ ಖಾಲಿ ಇರಲಿಲ್ಲ. ಹೋದವರು ಯಾರು ಅಂತ ಹೇಳದ ಕ್ರಿಯಾಪದ, ಆ ಮಾತನ್ನು ಕೇಳುತ್ತಿರುವವರು ಯಾರು ಅಂತ ಹೇಳುತ್ತದೆ. ಗೆಳತಿಗಾದರೆ ಬರೀ ಕಾ. ಅಂಗಡಿಯವರಿಗೆ, ಗುರುತಿಲ್ಲದವರಿಗೆ ಕಾಯೊ. ಸಭೆಯಲ್ಲಿ ಎದ್ದು ನಿಂತು ಹೇಳುವಾಗ ಕಾಮ್ನಿದಾ. ಹೋಗುವವರೇ ಹಿರಿಯರಾಗಿದ್ದರೆ ನಡುವೆ ಇನ್ನೊಂದು ಚೂರು ಸೇರಿ ಕಾಸೆಯೊ. ನಮ್ಮ ಕ್ರಿಯಾಪದ ಮಾತಿನ ಒಳಗಿರುವ ಮನುಷ್ಯನ ಕಡೆ ತಿರುಗಿರುತ್ತದೆ. ಅವರದ್ದು ಎದುರಿಗೆ ನಿಂತಿರುವ ಮನುಷ್ಯನ ಕಡೆ. ಅಂದರೆ, ಈ ಮನುಷ್ಯ ನನಗೆ ಏನಾಗಬೇಕು ಅಂತ ತೀರ್ಮಾನ ಆಗುವ ತನಕ ಕೊರಿಯನ್ನಿನಲ್ಲಿ ಒಂದು ವಾಕ್ಯವೂ ಮುಗಿಯುವುದಿಲ್ಲ. ನನ್ನ ಬೇಸಿಗೆಯೆಲ್ಲ ಕಳೆದಿದ್ದು ಈ ತೀರ್ಮಾನಗಳಲ್ಲೇ.

ಸಿಯೋಲ್‌ನ ಸಿನ್ಚೋನ್‌ನಲ್ಲಿ ಯೊನ್ಸೆ ವಿಶ್ವವಿದ್ಯಾಲಯ ಇದೆ. ಹೊರದೇಶದ ವಿದ್ಯಾರ್ಥಿಗಳಿಗಾಗಿ ಅಲ್ಲಿ 1985ರಿಂದ ಬೇಸಿಗೆ ಶಾಲೆ ನಡೆಯುತ್ತಿದೆ. 2024ರಲ್ಲಿ ನಾನು ಹೋಗಿದ್ದು ಅದಕ್ಕೆ. ಬೇಸಿಗೆ ಅನ್ನುವುದು ನಮ್ಮ ಲೆಕ್ಕದಲ್ಲಿ ಬರೀ ಹೆಸರಿಗೆ. ಜೂನ್ ಕೊನೆಗೆ ಅಲ್ಲಿ ಚಾಂಗ್ಮಾ ಅನ್ನುವ ಮಳೆ ಹಿಡಿಯುತ್ತದೆ. ಹಾಸನದವಳಿಗೆ, ಸಕಲೇಶಪುರದ ಕಡೆ ನೆಂಟರಿರುವವಳಿಗೆ, ಮಳೆ ಏನೂ ಹೊಸದಲ್ಲ. ಮಳೆ ನಿಂತ ಮೇಲಿನ ಸೆಕೆ ಮಾತ್ರ ಹೊಸದು. ಬೆಳಿಗ್ಗೆ ಒಣಗಲು ಹಾಕಿದ ಟವೆಲ್ ರಾತ್ರಿಗೂ ಹಸಿ.

ಸಿನ್ಚೋನ್ ಅಂದರೆ ಹುಡುಗರ ಊರು. ಈವಾ ಮಹಿಳಾ ವಿಶ್ವವಿದ್ಯಾಲಯ, ಸೊಗಾಂಗ್, ಹೊಂಗಿಕ್ ಎಲ್ಲವೂ ಸುತ್ತಮುತ್ತಲೇ. ಮೆಟ್ರೊದ 2ನೇ ಲೈನು ಊರನ್ನು ಒಂದು ಸುತ್ತು ಹಾಕಿ ವಾಪಸು ಬರುತ್ತದೆ. ನಿದ್ದೆ ಹೋದರೂ ಚಿಂತೆಯಿಲ್ಲ, ಇನ್ನೊಂದು ಸುತ್ತು ಬಂದರೆ ಆಯಿತು. ಕೆಫೆಯಲ್ಲಿ ಲ್ಯಾಪ್‌ಟಾಪ್ ಮೇಜಿನ ಮೇಲೆ ಬಿಟ್ಟು ಎದ್ದು ಹೋಗುವವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಿಜ, ಬಿಟ್ಟು ಹೋಗುತ್ತಾರೆ. ಮುಂದೆ ಹೋಗೋಣ.

ಅಕ್ಷರ ಕಲಿಯುವುದು ಸುಲಭ ಅಂತ ಎಲ್ಲರೂ ಹೇಳಿದ್ದರು. ಸೆಜೊಂಗ್ ರಾಜ 1443ರಲ್ಲಿ ಈ ಲಿಪಿ ಮಾಡಿ ಮುಗಿಸಿ, 1446ರಲ್ಲಿ ಜನರ ಮುಂದಿಟ್ಟ. ಆಗ 28 ಅಕ್ಷರ, ಈಗ ಬಳಕೆಯಲ್ಲಿರುವುದು 24. ಜಾಣನಿಗೆ ಒಂದು ಬೆಳಗಿನೊಳಗೆ ಬರುತ್ತದೆ, ದಡ್ಡನಿಗೂ ಹತ್ತು ದಿನ ಸಾಕು ಅಂತ ಆಗಿನ ಪಂಡಿತ ಜೊಂಗ್ ಇನ್ಜಿ ಬರೆದಿಟ್ಟಿದ್ದಾನೆ. ಅವನು ಸುಳ್ಳು ಹೇಳಿಲ್ಲ. ನಮ್ಮ ಕಡೆಯವರಿಗೆ ಇನ್ನೂ ಬೇಗ ಬರುತ್ತದೆ. ವ್ಯಂಜನಕ್ಕೆ ಸ್ವರ ಅಂಟಿಸುವುದು, ಕೆಳಗೆ ಇನ್ನೊಂದು ವ್ಯಂಜನ ಕೂರಿಸುವುದು ನಾವು ಒಂದನೇ ಕ್ಲಾಸಿನಿಂದ ಮಾಡಿಕೊಂಡು ಬಂದ ಕೆಲಸ ತಾನೇ. ಅಕ್ಷರಗಳ ಆಕಾರಕ್ಕೂ ಕಾರಣವಿದೆ. ನಕಾರದ ಗೆರೆ ಮೇಲಕ್ಕೆ ಬಾಗಿದ ನಾಲಿಗೆಯ ತುದಿ. ಮಕಾರದ ಚೌಕ ಬಾಯಿ. ಒಂದು ಗೆರೆ ಜಾಸ್ತಿ ಎಳೆದರೆ ಅಲ್ಪಪ್ರಾಣ ಮಹಾಪ್ರಾಣ ಆಗುತ್ತದೆ. ಈ ಲೆಕ್ಕಾಚಾರವನ್ನು ವಿವರಿಸುವ ಹಳೆಯ ಪುಸ್ತಕ 1940ರ ತನಕ ಪಂಡಿತರ ಕೈಗೆ ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ಈ ಅಕ್ಷರಗಳು ಕಿಟಕಿಯ ಜಾಲರಿ ನೋಡಿ ಹುಟ್ಟಿದ್ದು ಅನ್ನುವ ಊಹೆಯೂ ಚಾಲ್ತಿಯಲ್ಲಿತ್ತು.

ಇನ್ನೊಂದು ತಮಾಷೆ. ಬರೆಯುವುದು ಕಾಪ್ನಿದಾ, ಓದುವುದು ಕಾಮ್ನಿದಾ. ಬರೆಯುವುದು ಕುಕ್‌ಮುಲ್, ಅಂದರೆ ಸಾರಿನ ತಿಳಿ. ಓದುವಾಗ ಕಕಾರ ಹೋಗಿ ಅದರ ಜಾಗಕ್ಕೆ ಙಕಾರ ಬರುತ್ತದೆ. ಅಮೆರಿಕದ ಸಹಪಾಠಿಗಳು ಈ ನಿಯಮಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡುತ್ತಿದ್ದರು. ನನಗೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ವಾಕ್ ಕೂಡಿಸು ಮಯ, ವಾಙ್ಮಯ, ಅನುನಾಸಿಕ ಸಂಧಿ. ಎರಡು ಅಂಕದ ಪ್ರಶ್ನೆ. ಆಗ ಇದರಿಂದ ಜೀವನದಲ್ಲಿ ಏನು ಉಪಯೋಗ ಅಂತ ಹಿಂದಿನ ಬೆಂಚಿನಲ್ಲಿ ಗೊಣಗುತ್ತಿದ್ದೆವು. ಉಪಯೋಗ ಇಲ್ಲಿತ್ತು!

ವಾಕ್ಯರಚನೆಯಲ್ಲೂ ಹಾಗೇ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬೆನ್ನಿಗೆ. ತಿಂದು ನೋಡಿ ಅನ್ನುವಾಗ ಅವರೂ ತಿನ್ನುವುದರ ಪಕ್ಕ ನೋಡುವುದನ್ನೇ ಇಡುತ್ತಾರೆ. ಊರಿಗೆ ಫೋನ್ ಮಾಡಿ ಇದನ್ನು ಹೇಳಿದರೆ ಚಿಕ್ಕಪ್ಪ ಕೇಳಿದ್ದು ಒಂದೇ: "ಅವರೂ ನಾವೂ ಒಂದೇ ಮೂಲದೋರಂತಲ್ಲ, ಹೌದೇನೇ?" ಅಪ್ಪನಿಗೆ ಅವರೂ ಅಪ್ಪ ಅಂತಾರೆ ಅನ್ನುವ ವಿಡಿಯೊ ಅವರಿಗೂ ಬಂದಿತ್ತು. ಈ ಮಾತು ವಾಟ್ಸಾಪ್ ಕಾಲದ್ದಲ್ಲ. ಹೋಮರ್ ಹಲ್ಬರ್ಟ್ ಅನ್ನುವ ಅಮೆರಿಕದ ಮಿಶನರಿ 1905ರಲ್ಲೇ ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ಪುಸ್ತಕ ಬರೆದ. ಇವತ್ತಿನ ಭಾಷಾ ವಿದ್ವಾಂಸರು ಆ ನಂಟನ್ನು ಒಪ್ಪುವುದಿಲ್ಲ. ಕ್ರಿಯಾಪದ ಕೊನೆಗೆ ಬರುವುದು ಜಪಾನೀ ಭಾಷೆಯಲ್ಲೂ ಇದೆ, ಟರ್ಕಿಶ್‌ನಲ್ಲೂ ಇದೆ. ಹೋಲಿಕೆ ಇದ್ದರೆ ಸಂಬಂಧಿಕರೇ ಆಗಬೇಕಾಗಿಲ್ಲ. ಕಲಿಯಲು ಹೋದವಳಿಗೆ ಅದೊಂದು ಅನುಕೂಲ, ಅಷ್ಟೇ. ಅದನ್ನು ಬಿಟ್ಟಿಯಾಗಿ ಪಡೆದು ಸುಮ್ಮನಿರುವುದು ಒಳ್ಳೆಯದು.

ನಿಜವಾದ ಕಷ್ಟ ಎಲ್ಲಿದೆ ಅಂತ ನನಗೆ ತೋರಿಸಿಕೊಟ್ಟವರು ಕೊರಿಯನ್ ಮೂಲದ ಅಮೆರಿಕನ್ ಹುಡುಗರು. ಕ್ಲಾಸಿನಲ್ಲಿ ಅಂಥವರು ಬಹಳ ಜನ ಇದ್ದರು. ಅವರಿಗೆ ಕೊರಿಯನ್ ಬರುತ್ತಿತ್ತು. ನಮಗಿಂತ ಎಷ್ಟೋ ಚೆನ್ನಾಗಿ, ಬೈಗುಳ ಸಮೇತ. ಉಚ್ಚಾರಣೆಯಂತೂ ಅಪ್ಪಟ. ಚಂದ್ರ, ಮಗಳು, ಮುಖವಾಡ ಈ ಮೂರನ್ನೂ ನಾನು ಹೆಚ್ಚುಕಮ್ಮಿ ಒಂದೇ ಥರ ಹೇಳಿದರೆ ಅವರು ಮೂರನ್ನೂ ಬೇರೆ ಬೇರೆಯಾಗಿ ಹೇಳುತ್ತಿದ್ದರು. ಆದರೆ ಟೀಚರ್ ಪ್ರಶ್ನೆ ಕೇಳಿದ ಕೂಡಲೇ ಆರಡಿಯ ಹುಡುಗ ತಡವರಿಸುತ್ತಿದ್ದ. ಯಾಕೆಂದರೆ ಅವನಿಗೆ ಬರುತ್ತಿದ್ದುದು ಬನ್ಮಲ್ ಮಾತ್ರ. ಬನ್ಮಲ್ ಅಂದರೆ ಗೌರವದ ಬಾಲ ಕತ್ತರಿಸಿದ ಮಾತು, ಸಲಿಗೆಯವರ ನಡುವಿನದು. ಊಟ ಆಯಿತಾ ಅಂತ ಟೀಚರನ್ನು ಅವನು ಕೇಳಿದರೆ ತಮ್ಮನನ್ನು ಕೇಳಿದ ಹಾಗಿರುತ್ತಿತ್ತು. ಕ್ಲಾಸಿನಲ್ಲಿ ಅವನಿಗಿಂತ ನನ್ನ ಮುರುಕು ವಾಕ್ಯಗಳೇ ಸಭ್ಯವಾಗಿ ಕೇಳಿಸುತ್ತಿದ್ದವು.

ಯೋಚನೆ ಮಾಡಿದರೆ ಇದರಲ್ಲಿ ಅವನ ತಪ್ಪೇನೂ ಇಲ್ಲ. ಅಮ್ಮ ಅವನ ಜೊತೆ ಆಡಿದ ಮಾತನ್ನೇ ಅವನು ಕಲಿತ. ಅಮ್ಮ ಮಗನಿಗೆ ಬಹುವಚನ ಹಾಕುತ್ತಾಳೆಯೇ? ಸಿಯೋಲ್‌ನಲ್ಲೇ ಬೆಳೆದ ಮಗು ಅಮ್ಮ ಅಜ್ಜಿಯ ಜೊತೆ, ಅಂಗಡಿಯವರ ಜೊತೆ, ಮೇಷ್ಟ್ರ ಜೊತೆ ಹೇಗೆ ಮಾತಾಡುತ್ತಾಳೆ ಅಂತ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತದೆ. ಟೆಕ್ಸಾಸಿನ ಅವನ ಮನೆಯಲ್ಲಿ ಕೇಳಲು ಇದ್ದದ್ದು ಮೇಲಿಂದ ಕೆಳಗೆ ಬರುವ ಮಾತೊಂದೇ. ಅಮೆರಿಕದಿಂದ ರಜೆಗೆ ಬರುವ ನಮ್ಮ ಅಕ್ಕನ ಮಕ್ಕಳೂ ಹೀಗೇ. ಮನೆಗೆ ಬಂದ ಅಜ್ಜನ ವಯಸ್ಸಿನವರನ್ನು "ನೀನು ಯಾವಾಗ ಬಂದೆ?" ಅಂತ ಅಚ್ಚ ಕನ್ನಡದಲ್ಲಿ ಕೇಳುತ್ತವೆ. ಬಂದವರು ನಗುತ್ತಾರೆ, ಅಕ್ಕ ಮುಖ ಮುಚ್ಚಿಕೊಳ್ಳುತ್ತಾಳೆ. ಆ ಮಕ್ಕಳಿಗೆ ಕನ್ನಡ ಬರುವುದಿಲ್ಲ ಅಂತ ಹೇಳಲಾಗುವುದಿಲ್ಲ. ಅವರಿಗೆ ಅಪ್ಪ ಅಮ್ಮನ ಕನ್ನಡ ಬರುತ್ತದೆ, ಊರಿನ ಕನ್ನಡ ಬರುವುದಿಲ್ಲ.

ಬೇಸಿಗೆ ಶಾಲೆಯವರು ಪ್ರತಿಯೊಬ್ಬರಿಗೂ ಅಲ್ಲಿನ ಒಬ್ಬ ವಿದ್ಯಾರ್ಥಿಯನ್ನು ಜೊತೆ ಮಾಡಿಕೊಡುತ್ತಾರೆ. ಬಡ್ಡಿ ಅಂತ ಕರೆಯುತ್ತಾರೆ. (ಸಾಲದ ಬಡ್ಡಿಯಲ್ಲ, ಅಮ್ಮ ಹಾಗೇ ತಿಳಿದಿದ್ದರು.) ನನಗೆ ಸಿಕ್ಕವಳು ಹೆಸರು ಹೇಳಿ, ನನ್ನ ಹೆಸರು ಕೇಳಿ, ಮೂರನೆಯದಾಗಿ ಹುಟ್ಟಿದ ಇಸವಿ ಕೇಳಿದಳು. ಇದನ್ನು ಅಧಿಕಪ್ರಸಂಗ ಅಂತ ತಿಳಿಯುವ ಯುರೋಪಿನ ಹುಡುಗಿಯರು ಇದ್ದರು. ನನಗೇನೂ ಅನಿಸಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಊರು, ಮನೆತನ, ಸಂಬಳ ಎಲ್ಲ ಕೇಳುವ ಸೀಮೆಯಿಂದ ಬಂದವಳು ನಾನು. ಆದರೆ ಅವಳಿಗೆ ನನ್ನ ಇಸವಿ ಬೇಕಾಗಿದ್ದು ಕುತೂಹಲಕ್ಕಲ್ಲ. ಅದು ಗೊತ್ತಿಲ್ಲದೆ ಅವಳ ಕ್ರಿಯಾಪದ ಮುಂದೆ ಹೋಗುವುದಿಲ್ಲ. ಅವಳು ನನಗಿಂತ ಒಂದು ವರ್ಷ ದೊಡ್ಡವಳು. ಅಲ್ಲಿಗೆ ಅವಳು ಒನ್ನಿ, ಅಂದರೆ ಅಕ್ಕ. ಹುಡುಗನಾಗಿದ್ದರೆ ಅವಳನ್ನೇ ನಾನು ನೂನಾ ಅನ್ನಬೇಕಿತ್ತು. ಅಕ್ಕ ಯಾರ ಅಕ್ಕ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ.

ವಯಸ್ಸಿನ ಲೆಕ್ಕವೇ ಅಲ್ಲಿ ದೊಡ್ಡ ಕತೆ. ಹುಟ್ಟಿದ ಕೂಡಲೇ ಒಂದು, ಆಮೇಲೆ ಪ್ರತಿ ಜನವರಿ 1ಕ್ಕೆ ಇನ್ನೊಂದು. ಡಿಸೆಂಬರ್ ಕೊನೆಗೆ ಹುಟ್ಟಿದ ಕೂಸಿಗೆ ವಾರದೊಳಗೆ ಎರಡು ವರ್ಷ. 2023ರ ಜೂನ್ 28ರಿಂದ ಹೆಚ್ಚಿನ ಸರ್ಕಾರಿ ಕೆಲಸಗಳಿಗೆ ಉಳಿದ ಜಗತ್ತಿನ ಲೆಕ್ಕವೇ ಅಂತ ಕಾನೂನು ಬಂತು. ಕಾಗದದಲ್ಲಿ ಕೋಟ್ಯಂತರ ಜನ ಒಂದೆರಡು ವರ್ಷ ಚಿಕ್ಕವರಾದರು. ನಾನು ಹೋದಾಗ ಅದಾಗಿ ಒಂದು ವರ್ಷ. ಆದರೂ ಹುಡುಗರು ಕೇಳುತ್ತಿದ್ದುದು ಇಸವಿಯನ್ನೇ. ಯಾರು ಅಕ್ಕ ಯಾರು ತಂಗಿ ಅನ್ನುವುದನ್ನು ಕಾನೂನು ತೀರ್ಮಾನ ಮಾಡುವುದಿಲ್ಲವಲ್ಲ.

ಎರಡನೇ ವಾರ ಒಂದು ಸಂಜೆ ಒನ್ನಿ ಹೇಳಿದಳು, ಇನ್ನು ಮಾತು ಕೆಳಗಿಡೋಣ ಅಂತ. ಅಂದರೆ ಇನ್ನು ನಮ್ಮ ನಡುವೆ ಬನ್ಮಲ್ ಸಾಕು. ಇದನ್ನು ದೊಡ್ಡವರೇ ಮೊದಲು ಹೇಳಬೇಕು. ಚಿಕ್ಕವರು ತಾವಾಗಿಯೇ ಶುರು ಮಾಡುವ ಹಾಗಿಲ್ಲ. ನಮ್ಮಲ್ಲಿ ನೀವು ಯಾವಾಗ ನೀನು ಆಗುತ್ತದೆ? ಗೊತ್ತೇ ಆಗುವುದಿಲ್ಲ. ಯಾವುದೋ ಒಂದು ದಿನ ಜಾರಿಬಿಡುತ್ತದೆ. ಗಂಡ ಹೆಂಡತಿ ನಡುವೆ ಕೆಲವರ ಮನೆಯಲ್ಲಿ ಒಂದು ಕಡೆಯಿಂದ ಮಾತ್ರ ಜಾರುತ್ತದೆ, ಆ ಮಾತು ಬೇರೆ. ಅಲ್ಲಿ ಅದಕ್ಕೊಂದು ಗಳಿಗೆ ಇದೆ, ಪ್ರಸ್ತಾಪ ಇದೆ, ಒಪ್ಪಿಗೆ ಇದೆ. ನನಗದು ತುಂಬಾ ಇಷ್ಟವಾಯಿತು. ಸ್ನೇಹ ಶುರುವಾಗಿದೆ ಅಂತ ಇಬ್ಬರೂ ಒಟ್ಟಿಗೆ ಒಪ್ಪಿಕೊಂಡ ಹಾಗೆ.

ಊಟದ ಮನೆಗಳಲ್ಲಿ ಬಡಿಸುವ ಹೆಂಗಸನ್ನು ಹುಡುಗರು ಇಮೊ ಅಂತ ಕರೆಯುತ್ತಾರೆ. ಇಮೊ ಅಂದರೆ ಅಮ್ಮನ ಅಕ್ಕತಂಗಿ. ನಾನೂ ಹಾಗೇ ಕರೆದೆ. ಮಾಂಸ, ಮೀನು ಬೇಡ ಅಂತ ಕಷ್ಟಪಟ್ಟು ಕಲಿತ ವಾಕ್ಯ ಒಪ್ಪಿಸಿದಾಗ ಇಮೊ ಹಾಗಾದರೆ ಕಿಮ್ಚಿಯೂ ಬೇಡ ಅಂತ ತಟ್ಟೆಯನ್ನೇ ಎತ್ತಿಕೊಂಡು ಹೋದರು. ಕೋಸಿನ ಉಪ್ಪಿನಕಾಯಿಯಂಥ ಈ ಕಿಮ್ಚಿಗೆ ಉಪ್ಪು ಹಾಕಿ ಹುದುಗಿಸಿದ ಸಣ್ಣ ಸಿಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ ಅನ್ನುವುದು ನಮ್ಮ ಸಸ್ಯಾಹಾರಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅದರ ಬದಲು ಮೊಳಕೆ ಕಾಳಿನ ಪಲ್ಯ, ಪಾಲಕ್ ಸೊಪ್ಪು ತಂದಿಟ್ಟರು. ಖಾಲಿಯಾದಂತೆಲ್ಲ ಮತ್ತೆ ತಂದರು. ಪಕ್ಕಕ್ಕೆ ಬಡಿಸುವ ಇಂಥ ಪಲ್ಯಗಳಿಗೆ ಅಲ್ಲಿ ಬೇರೆ ದುಡ್ಡಿಲ್ಲ.

ಆ ಸೆಕೆಯಲ್ಲಿ ನನ್ನನ್ನು ಕಾಪಾಡಿದ್ದು ಕೊಂಗುಕ್ಸು. ಸೋಯಾ ಕಾಳನ್ನು ನೆನೆಸಿ, ಬೇಯಿಸಿ, ರುಬ್ಬಿ ತೆಗೆದ ದಪ್ಪ ಹಾಲು. ಅದರಲ್ಲಿ ಗೋಧಿ ಶಾವಿಗೆ, ಮೇಲೆ ಸೌತೆಕಾಯಿ, ಜೊತೆಗೆ ಐಸು. ಸಿಯೋಲ್‌ನವರು ಉಪ್ಪು ಹಾಕಿಕೊಳ್ಳುತ್ತಾರೆ, ದಕ್ಷಿಣದ ಜೊಲ್ಲಾ ಕಡೆಯವರು ಸಕ್ಕರೆ. ಇದರ ಮೇಲೆ ಅವರವರಲ್ಲೇ ಜಗಳ ಇದೆ. ಸಾರಿಗೆ ಬೆಲ್ಲ ಹಾಕುವವರು, ಹಾಕದವರು ಅಂತ ನಮ್ಮಲ್ಲಿ ಇಲ್ವಾ, ಹಾಗೇ.

ಜೊಗ್ಯೆಸಾ ದೇವಾಲಯದ ಎದುರು ಬೌದ್ಧ ಮಠಗಳ ಅಡುಗೆ ಸಿಗುವ ಜಾಗವೊಂದಿದೆ. ಒನ್ನಿ ಅಲ್ಲಿಗೆ ಕರೆದುಕೊಂಡು ಹೋದಳು, ನನಗೋಸ್ಕರ. ಮಠದ ಅಡುಗೆಯಲ್ಲಿ ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯದ್ದೂ ಇಲ್ಲ. ನಮ್ಮ ಮಠದ ಊಟದ ಹಾಗೇ ಅಂತ ಖುಷಿಯಾಗಿ ಹೇಳಿದೆ. ಆದರೆ ಅವರ ನಿಷಿದ್ಧ ಪಟ್ಟಿಯಲ್ಲಿ ಐದು ಪದಾರ್ಥ ಇವೆ, ಐದನೆಯದು ಇಂಗು! ಕೊರಿಯಾದಲ್ಲಿ ಇಂಗು ಬೆಳೆಯುವುದೂ ಇಲ್ಲ, ಅಂಗಡಿಯಲ್ಲಿ ಸಿಗುವುದೂ ಅಪರೂಪ. ಕಡಲು ಬೆಟ್ಟ ದಾಟಿ ಬಂದ ಗ್ರಂಥಗಳ ಜೊತೆ ನಿಷೇಧವೂ ಬಂದು ಕೂತಿದೆ, ಪದಾರ್ಥ ಮಾತ್ರ ಬಂದಿಲ್ಲ. ಇತ್ತ ನಾವು ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಕಡೆಯಲ್ಲೆಲ್ಲ ಅದರ ಜಾಗ ತುಂಬಲು ಇಂಗನ್ನೇ ಸುರಿಯುತ್ತೇವೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಅನ್ನುವ ಗಾದೆಯನ್ನು ಒನ್ನಿಗೆ ವಿವರಿಸಲು ಹೋಗಿ ಅರ್ಧ ಊಟ ಆರಿಹೋಯಿತು.

ಈ ಗೌರವದ ಬಾಲಗಳ ಬಗ್ಗೆ ಅಲ್ಲಿನವರಿಗೆಲ್ಲ ಪ್ರೀತಿ ಇದೆ ಅಂತ ತಿಳಿಯಬೇಡಿ. ಗಿರಾಕಿಗೆ ಎಲ್ಲಿ ಮರ್ಯಾದೆ ಕಮ್ಮಿಯಾಯಿತೋ ಅನ್ನುವ ಭಯಕ್ಕೆ ಕಾಫಿ ಅಂಗಡಿಯ ಹುಡುಗ ಹುಡುಗಿಯರು ಕಾಫಿಗೇ ಬಹುವಚನ ಹಚ್ಚಿಬಿಡುತ್ತಾರೆ. "ಕಾಫಿಯವರು ದಯಮಾಡಿಸಿದ್ದಾರೆ" ಅನ್ನುವ ಧಾಟಿ. ಇದು ವ್ಯಾಕರಣಕ್ಕೆ ತಪ್ಪು ಅಂತ ಅಲ್ಲಿಯ ಭಾಷಾ ಪಂಡಿತರು ತಲೆ ಚಚ್ಚಿಕೊಳ್ಳುತ್ತಾರೆ. ನಾನು ಹುಡುಗರ ಪರ. ಬೈಯುವ ಗಿರಾಕಿ ಎದುರಿಗಿದ್ದಾಗ ವ್ಯಾಕರಣ ಯಾರಿಗೆ ಬೇಕು? 2002ರ ವಿಶ್ವಕಪ್‌ನಲ್ಲಿ ಕೊರಿಯಾ ಸೆಮಿಫೈನಲ್ ತಲುಪಿತಲ್ಲ, ಆ ತಂಡದ ಡಚ್ ಕೋಚ್ ಗೂಸ್ ಹಿಡಿಂಕ್ ಮೈದಾನದಲ್ಲಿ ಅಣ್ಣ ತಮ್ಮ ಅನ್ನುವ ಗೌರವದ ಮಾತು ಬಿಡಿ, ಹೆಸರು ಹಿಡಿದು ಕೂಗಿ ಅಂತ ಆಟಗಾರರಿಗೆ ಹೇಳಿದ್ದು ಅಲ್ಲಿ ಇವತ್ತಿಗೂ ದೊಡ್ಡ ಕತೆ. ಮೆಸೇಜ್ ಆ್ಯಪಿನ ಕಾಕಾವೊ ಕಂಪನಿಯಲ್ಲಿ ಕೆಲಸ ಮಾಡುವವರು ಒಬ್ಬರನ್ನೊಬ್ಬರು ಇಂಗ್ಲಿಷ್ ಹೆಸರಿನಿಂದ ಕರೆಯುವ ರೂಢಿ ಮಾಡಿಕೊಂಡಿದ್ದರು. ಮೇಲಿನವರು ಕೆಳಗಿನವರು ಅನ್ನುವುದನ್ನು ಸ್ವಲ್ಪ ಹೊತ್ತು ಮರೆಯುವುದಕ್ಕೆ. ಚಿಕ್ಕವರು ದೊಡ್ಡವರ ಮಾತಿಗೆ ಎದುರಾಡಬೇಕಾದಾಗ ಆ ಬಾಲ ನಿಜವಾಗಿಯೂ ಕಾಲಿಗೆ ತೊಡರುತ್ತದೆ. ಇಂಟರ್ನ್‌ಶಿಪ್ ಮಾಡುತ್ತಿದ್ದ ಒನ್ನಿ ಇದನ್ನು ಹೇಳುವಾಗ ನಗುತ್ತಿರಲಿಲ್ಲ.

ಶನಿವಾರಗಳಲ್ಲಿ ಸಂಸ್ಕೃತಿ ಪರಿಚಯದ ಪ್ರವಾಸಗಳಿದ್ದವು. ಅಲ್ಲಿನ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ತೊಟ್ಟರೆ ಗ್ಯೊಂಗ್ಬೊಕ್ ಅರಮನೆಗೆ ಟಿಕೆಟ್ ಇಲ್ಲ, ಹಾಗಾಗಿ ಎಲ್ಲರೂ ಬಾಡಿಗೆಗೆ ತಂದು ತೊಟ್ಟೆವು, ಬೆವೆತೆವು, ಫೋಟೊ ತೆಗೆಸಿಕೊಂಡೆವು. ಟೆಕ್ವಾಂಡೊ ಆಯಿತು, ಕಿಮ್ಚಿ ಕಲೆಸುವುದು ಆಯಿತು. ಬೇಸರವೇನೂ ಆಗಲಿಲ್ಲ. ಆದರೆ ಅಲ್ಲೆಲ್ಲ ನಮ್ಮ ಜೊತೆ ಮಾತಾಡಿದವರು ಇಂಗ್ಲಿಷಿನಲ್ಲಿ ಮಾತಾಡಿದರು. ನಾವು ಯಾರು ಅಂತ ಅವರು ತೀರ್ಮಾನ ಮಾಡಬೇಕಾಗಿರಲಿಲ್ಲ, ನಾವೂ ಮಾಡಬೇಕಾಗಿರಲಿಲ್ಲ.

ಅದಕ್ಕಿಂತ ನನಗೆ ಜಾಸ್ತಿ ತಟ್ಟಿದ್ದು ಕ್ಯಾಂಪಸ್ಸಿನೊಳಗಿನ ಪಿನ್ಸನ್ ಹಾಲ್ ಅನ್ನುವ ಕಲ್ಲಿನ ಕಟ್ಟಡ. ಕವಿ ಯುನ್ ದೊಂಗ್ಜು ವಿದ್ಯಾರ್ಥಿಯಾಗಿದ್ದಾಗ ಇದ್ದ ಹಾಸ್ಟೆಲ್ಲು. ಈಗ ಅವನ ಸ್ಮಾರಕ. ಅವನು ಆ ಕಾಲೇಜಿಗೆ ಸೇರಿದ್ದು 1938ರಲ್ಲಿ. ಆಗ ಕೊರಿಯಾವನ್ನು ಆಳುತ್ತಿದ್ದ ಜಪಾನಿನವರು ಶಾಲೆಗಳಲ್ಲಿ ಕೊರಿಯನ್ ಭಾಷೆಯನ್ನು ಕಡ್ಡಾಯ ಪಾಠದ ಪಟ್ಟಿಯಿಂದ ತೆಗೆದದ್ದೂ ಅದೇ ವರ್ಷ. ಅವನು ಕೊರಿಯನ್ನಿನಲ್ಲೇ ಬರೆದ. 1943ರಲ್ಲಿ ಜಪಾನಿನಲ್ಲಿ ಓದುತ್ತಿದ್ದಾಗ ಬಂಧನ, 1945ರ ಫೆಬ್ರವರಿಯಲ್ಲಿ ಫುಕುವೊಕಾ ಜೈಲಿನಲ್ಲಿ ಸಾವು. ಆಗ ವಯಸ್ಸು 27. ಇನ್ನು ಆರು ತಿಂಗಳಿಗೆ ಕೊರಿಯಾ ಬಿಡುಗಡೆಯಾಯಿತು. ಅವನ ಕವಿತೆಗಳು ಪುಸ್ತಕವಾಗಿದ್ದು 1948ರಲ್ಲಿ.

ಅವನಿಗೆ ಅಲ್ಲಿ ಪಾಠ ಹೇಳಿದ ವೈಯಾಕರಣಿ ಚ್ವೆ ಹ್ಯೊನ್ಬೆ ಕೂಡ ಜೈಲಿಗೆ ಹೋದವರು. ಅವರ ಅಪರಾಧ ನಿಘಂಟು. ಕೊರಿಯನ್ ಭಾಷಾ ಸಂಘದವರು ವರ್ಷಗಟ್ಟಲೆ ಕೂತು ಪದ ಸೇರಿಸಿ ನಿಘಂಟು ಮಾಡುತ್ತಿದ್ದರು. 1942ರಲ್ಲಿ ಪೊಲೀಸರು ಅವರನ್ನೂ ಹಸ್ತಪ್ರತಿಯನ್ನೂ ಹಿಡಿದುಕೊಂಡು ಹೋದರು. ಇಬ್ಬರು ಜೈಲಿನಲ್ಲೇ ತೀರಿಕೊಂಡರು. ಹಸ್ತಪ್ರತಿ ಹೋಯಿತು ಅಂತಲೇ ಎಲ್ಲರೂ ತಿಳಿದಿದ್ದರು. 1945ರ ಸೆಪ್ಟೆಂಬರಿನಲ್ಲಿ ಸಿಯೋಲ್ ರೈಲ್ವೆ ಸ್ಟೇಷನ್ನಿನ ಗೋದಾಮಿನಲ್ಲಿ ಅದು ಸಿಕ್ಕಿತು. ಮೊದಲ ಸಂಪುಟ 1947ರಲ್ಲಿ ಬಂತು, ಆರನೆಯದು 1957ರಲ್ಲಿ.

ಕ್ಯಾಂಪಸ್ಸಿನ ನಡುವೆ ಸ್ಥಾಪಕ ಅಂಡರ್‌ವುಡ್‌ನ ಪ್ರತಿಮೆ ಇದೆ. ಅವನೂ ಮಿಶನರಿ, ಅವನೂ 1890ರಲ್ಲಿ ಒಂದು ಕೊರಿಯನ್ ನಿಘಂಟು ತಂದವನು. ಅದಾಗಿ ನಾಲ್ಕು ವರ್ಷಕ್ಕೆ ಮಂಗಳೂರಿನಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾಯಿತು. ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಪ್ರತಿಮೆಯನ್ನು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೇನೆ. ನಮ್ಮಲ್ಲಿ ಕನ್ನಡದ ನಿಘಂಟು ಮಾಡಿದ್ದಕ್ಕೆ ಯಾರನ್ನೂ ಜೈಲಿಗೆ ಹಾಕಲಿಲ್ಲ. ಆ ಲೆಕ್ಕದಲ್ಲಿ ನಾವು ಅದೃಷ್ಟವಂತರು, ಅದಕ್ಕೇ ಸ್ವಲ್ಪ ಉಡಾಫೆಯವರೂ ಇರಬಹುದು. ಅಕ್ಟೋಬರ್ 9ರ ಹಂಗುಲ್ ದಿನಕ್ಕೆ ಅವರಿಗೆ ಸರ್ಕಾರಿ ರಜೆ. ಲಿಪಿಗೊಂದು ಹಬ್ಬ! ಈ ಕತೆ ಗೊತ್ತಿಲ್ಲದೆ ಅದನ್ನು ನೋಡಿದ್ದರೆ ಅತಿಯಾಯಿತು ಅಂತ ನಾನೂ ಅನ್ನುತ್ತಿದ್ದೆನೇನೋ.

ಈಗ ಒನ್ನಿ ಕನ್ನಡ ಕಲಿಯುತ್ತಿದ್ದಾಳೆ. ಮುಂದಿನ ವರ್ಷ ಬೆಂಗಳೂರಿಗೆ ಬರುವ ಅಂದಾಜಿದೆ. ಅಕ್ಷರಕ್ಕೆ ಅವಳಿಗೆ ಒಂದು ಬೆಳಗು ಸಾಲಲಿಲ್ಲ, ಒತ್ತಕ್ಷರ ನೋಡಿ ಸೆಜೊಂಗ್ ರಾಜನನ್ನು ನೆನೆದು ಕೈ ಮುಗಿದಳು. ಈಗ ಬಂದನು, ಬಂದಳು, ಬಂತು ಹತ್ತಿರ ನಿಂತಿದ್ದಾಳೆ. ಕಾಣದಿರುವ ಮನುಷ್ಯನ ಗಂಡು ಹೆಣ್ಣು ತಿಳಿದುಕೊಂಡು ಮಾತು ಮುಗಿಸಬೇಕಾ ಅಂತ ಅವಳ ತಕರಾರು. ಮೊನ್ನೆ ಕಾಕಾವೊಟಾಕ್‌ನಲ್ಲಿ ಕೇಳಿದಳು, ಮಗು ಅಳುತ್ತಿದೆ ಅಂತ ಯಾಕೆ, ಮಗು ಮನುಷ್ಯ ಅಲ್ವಾ? ನಮ್ಮ ಹಾಸನದ ಕಡೆ ಪ್ರೀತಿ ಬಂದರೆ ದೊಡ್ಡ ಹುಡುಗಿಯರಿಗೂ "ಅದು ಬಂತು" ಅಂತಾರೆ, ನಮ್ಮಜ್ಜಿ ನನಗೆ ಈಗಲೂ ಹಾಗೇ ಅನ್ನುವುದು ಅಂತ ಬರೆದೆ. ತುಂಬಾ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಬಂತು: ಹಾಗಾದರೆ ನಾನು ಬೆಂಗಳೂರಿಗೆ ಬಂದಾಗ ಅಜ್ಜಿಗೆ ಏನು ಹೇಳ್ತೀಯಾ, ಒನ್ನಿ ಬಂದ್ಳಾ, ಬಂದ್ರಾ, ಬಂತಾ?